ಖೋ ಖೋ ಅಂಕಣದಲ್ಲಿ ಮಕ್ಕಳು ಕಲಿಯುವ ಪಾಠ

ಪರೀಕ್ಷೆ ಸಮೀಪಿಸುತ್ತಿದ್ದಂತೆ ಅನೇಕ ಶಾಲೆಗಳಲ್ಲಿ ಮೊದಲು ಕಣ್ಮರೆಯಾಗುವುದು ಆಟದ ಅವಧಿ. ಆದರೆ ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಆಡಬಹುದಾದ ಖೋ ಖೋ, ಪಠ್ಯಪುಸ್ತಕದಿಂದ ಕಲಿಸಲಾಗದ ಕೆಲವು ಗುಣಗಳನ್ನು ಮಕ್ಕಳಲ್ಲಿ ಬೆಳೆಸುತ್ತದೆ.

ಸಾಂಪ್ರದಾಯಿಕ ನಿಯಮದಂತೆ ತಂಡದಲ್ಲಿ 12 ಮಂದಿ. ಬೆನ್ನಟ್ಟಲು ಅಂಕಣಕ್ಕಿಳಿಯುವವರು 9. ಅವರಲ್ಲಿ ಎಂಟು ಮಂದಿ ಕಂಬಗಳ ನಡುವಿನ ಪಟ್ಟಿಯಲ್ಲಿ, ಒಬ್ಬರು ಈ ಬದಿಗೆ ಮತ್ತೊಬ್ಬರು ಆ ಬದಿಗೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಎದುರಾಳಿಗಳನ್ನು ಬೆನ್ನಟ್ಟುತ್ತಾರೆ. ಎದುರಾಳಿ ತಂಡದವರು ಮೂವರಂತೆ ಒಳಬಂದು ತಪ್ಪಿಸಿಕೊಳ್ಳಬೇಕು.

ಬಿಟ್ಟುಕೊಡುವುದೇ ಜಾಣತನ

ಬೆನ್ನಟ್ಟುವವರು ಕುಳಿತವರ ನಡುವೆ ನುಸುಳಿ ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ಓಡುವವರಿಗೆ ಈ ಕಟ್ಟುಪಾಡಿಲ್ಲ. ಹೀಗಾಗಿ ಎಷ್ಟೇ ಚುರುಕಾದ ಬಾಲಕನೂ ಒಬ್ಬನೇ ಬೆನ್ನಟ್ಟಿ ಗೆಲ್ಲುವುದು ಕಷ್ಟ. ಸಕಾಲದಲ್ಲಿ ಜತೆಗಾರನ ಬೆನ್ನು ಮುಟ್ಟಿ 'ಖೋ' ಎಂದು ಕೂಗಿ, ಅವನ ಜಾಗದಲ್ಲಿ ತಾನು ಕುಳಿತುಕೊಳ್ಳಬೇಕು. ತನ್ನ ಸರದಿಯನ್ನು ಮತ್ತೊಬ್ಬರಿಗೆ ಒಪ್ಪಿಸುವುದು ಸೋಲಲ್ಲ, ತಂಡದ ಗೆಲುವಿನ ದಾರಿ ಎಂಬುದನ್ನು ಮಗು ಉಪದೇಶವಿಲ್ಲದೆ ಅರಿಯುತ್ತದೆ.

ಕುಳಿತವರಿಗೂ ಬಿಡುವಿಲ್ಲ. ಬೆನ್ನ ಹಿಂದಿನ ಹೆಜ್ಜೆಸಪ್ಪಳಕ್ಕೆ ಕಿವಿಗೊಟ್ಟು, ಓಟಗಾರರ ಮೇಲೆ ಕಣ್ಣಿಟ್ಟಿರಬೇಕು. 'ಖೋ' ಸಿಗುವ ಮೊದಲೇ ಎದ್ದರೆ ಫೌಲ್. ತಡವಾಗಿ ಎದ್ದರೆ ಓಟಗಾರ ಕೈಗೆ ಸಿಗುವುದಿಲ್ಲ. ಆತುರವನ್ನು ತಡೆದುಕೊಂಡೂ ಸಿದ್ಧವಾಗಿರುವ ಸಂಯಮ ಇಲ್ಲಿ ರೂಢಿಯಾಗುತ್ತದೆ. ಓಟದಲ್ಲಿ ಹಿಂದುಳಿದ ಮಗುವೂ ಓಟಗಾರ ಎದುರಿಗೆ ಬಂದ ಕ್ಷಣದಲ್ಲಿ ಎದ್ದು ಕೈಚಾಚಿದರೆ ಔಟ್ ಮಾಡಬಲ್ಲದು.

ಹಳ್ಳಿಯಿಂದ ವಿಶ್ವಕಪ್‌ವರೆಗೆ

2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ಗಳಲ್ಲಿ ಭಾರತದ ಪುರುಷ ಹಾಗೂ ಮಹಿಳಾ ತಂಡಗಳೆರಡೂ ನೇಪಾಳವನ್ನು ಮಣಿಸಿದವು. ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನವರು.

ಆದರೆ ಎಲ್ಲ ಮಕ್ಕಳೂ ಪದಕ ಗೆಲ್ಲಬೇಕೆಂದೇನಿಲ್ಲ. ಚುರುಕಾದ ಒಂಬತ್ತು ಮಂದಿಯನ್ನಷ್ಟೇ ಆರಿಸಿ ಉಳಿದವರನ್ನು ಅಂಚಿನಲ್ಲಿ ನಿಲ್ಲಿಸಿದರೆ ಆಟದ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಕಲ್ಲು ಮುಳ್ಳು ತೆಗೆದ ನೆಲ, ಸರದಿಯಂತೆ ಎಲ್ಲರಿಗೂ ಅವಕಾಶ, ವಾರದಲ್ಲಿ ಕಸಿದುಕೊಳ್ಳದ ಒಂದು ಅವಧಿ – ಇಷ್ಟನ್ನು ಶಿಕ್ಷಕರೂ ಪೋಷಕರೂ ಒದಗಿಸಿದರೆ ಉಳಿದದ್ದನ್ನು ಅಂಕಣವೇ ಕಲಿಸುತ್ತದೆ.