ಮೂರು ಗಂಟಿನ ಹಗ್ಗ

ದಾವಣಗೆರೆ ಕಡೆಯ ನಮ್ಮ ತ್ಯಾವಣಿಗೆ ಸೀಮೆಯವರಿಗೆ ಕ್ರೈಸ್ತ ಗುರು ಎಂದರೆ ಕಣ್ಮುಂದೆ ಬರುವುದು ಬಿಳಿ ನಿಲುವಂಗಿ. ಭದ್ರಾ ನಾಲೆಯ ನೀರು ಹರಿಯುವ ಈ ಗದ್ದೆ, ತೋಟಗಳ ನಾಡಿನಿಂದ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಹೋಗುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮೇಣದಬತ್ತಿ ಹಚ್ಚಿ, ಹರಕೆ ಒಪ್ಪಿಸಿ, ಬಿಳಿ ಅಂಗಿಯ ಫಾದರ್ ತಲೆಯ ಮೇಲೆ ಕೈಯಿಟ್ಟರೆ ಸಮಾಧಾನದಿಂದ ಬಸ್ಸು ಹತ್ತುತ್ತಾರೆ. ಕಂದು ಅಂಗಿ ತೊಡುವ ಕಪುಚಿನ್ ಸನ್ಯಾಸಿಗಳ ಹಳೆಯ ಬೀಡು ಮಾತ್ರ ಘಟ್ಟದ ಕೆಳಗಿದೆ. ನಾನು ಹೇಳಹೊರಟಿರುವುದು ಆ ಕಂದು ಅಂಗಿ ತೊಟ್ಟು ಬಾಳಿದ ಒಬ್ಬರ ಸಂಗತಿ.

ಆಗುಂಬೆ ಇಳಿದು ಹೆಬ್ರಿ ಹಾದಿಯಲ್ಲಿ ಪಡುವಣಕ್ಕೆ ಸಾಗಿದರೆ ಬ್ರಹ್ಮಾವರ. ತೆಂಕಣಕ್ಕೆ ಸ್ವರ್ಣಾ, ಬಡಗಣಕ್ಕೆ ಸೀತಾ, ನಡುವೆ ತೆಂಗಿನ ತೋಟ ಮತ್ತು ಬೈಲುಗದ್ದೆಗಳು. ಪೇಟೆಯಲ್ಲಿ ನಿಂತರೆ ತುಳು, ಕುಂದಾಪ್ರ ಕನ್ನಡ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ಸೀತಾನದಿಯ ದಡದಲ್ಲಿ ಬಾರ್ಕೂರು. ಆಳುಪರು ರಾಜಧಾನಿ ಮಾಡಿಕೊಂಡಿದ್ದ ಈ ಊರಿನಲ್ಲಿ ಕತ್ತಲೆ ಬಸದಿಯೂ ಹಳೆಯ ದೇಗುಲಗಳೂ ಇಗರ್ಜಿಯೂ ಒಂದೇ ಮಳೆಯಲ್ಲಿ ನೆನೆಯುತ್ತವೆ. 1924ರಲ್ಲಿ ಇಲ್ಲಿ ಹುಟ್ಟಿದ ಆಲ್ಫ್ರೆಡ್ ರೋಚ್ ಮುಂದೆ ಕಪುಚಿನ್ ಸಭೆ ಸೇರಿ, ಬ್ರಹ್ಮಾವರದ ಜನರ ನಡುವೆ ಸೇವೆ ಮಾಡಿ, 1996ರಲ್ಲಿ ತೀರಿಕೊಂಡರು. ಪವಿತ್ರ ಕುಟುಂಬದ ಇಗರ್ಜಿಯ ಆವರಣದಲ್ಲಿ ಅವರ ಸಮಾಧಿ ಇದೆ. ಅವರನ್ನು ಈಗ ‘ದೇವರ ಸೇವಕ’ ಎಂದು ಕರೆಯುತ್ತಾರೆ. ಸಂತಪದವಿಯ ದೀರ್ಘ ಹಾದಿಯಲ್ಲಿ ಇದು ಮೊದಲ ಮೆಟ್ಟಿಲು.

ಕಪುಚಿನ್ನರ ಉಡುಪನ್ನು ಹತ್ತಿರದಿಂದ ನೋಡಬೇಕು. ಕಾಲಿನ ಗಂಟಿನವರೆಗೆ ಇಳಿಯುವ ಒರಟು ಕಂದು ಬಟ್ಟೆ. ಬೆನ್ನ ಮೇಲೆ ಜೋಲುವ ಚೂಪು ಕುಲಾವಿ. ಸೊಂಟಕ್ಕೆ ಚರ್ಮದ ಪಟ್ಟಿಯ ಬದಲು ಬಿಳಿಯ ಹಗ್ಗ, ಅದರ ಇಳಿಬಿದ್ದ ತುದಿಯಲ್ಲಿ ಮೂರು ಗಂಟು: ಬಡತನಕ್ಕೊಂದು, ಬ್ರಹ್ಮಚರ್ಯಕ್ಕೊಂದು, ವಿಧೇಯತೆಗೊಂದು. ನಡೆಯುವಾಗ ಆ ಗಂಟುಗಳು ಮೊಣಕಾಲಿಗೆ ಬಡಿಯುತ್ತಿರುತ್ತವೆ. ಕಾಲಲ್ಲಿ ಚಪ್ಪಲಿ. ಬಟ್ಟೆ ವ್ಯಾಪಾರಿಯ ಮಗನಾಗಿದ್ದೂ ತಂದೆಯ ಸಿರಿಯನ್ನು ಬಿಟ್ಟು ಹೊರಟ ಅಸಿಸಿಯ ಫ್ರಾನ್ಸಿಸ್ 1226ರಲ್ಲಿ ತೀರಿಕೊಂಡ. ಮೂರು ಶತಮಾನ ಕಳೆದ ಮೇಲೆ, ಅವನ ಬಡತನ ನಮ್ಮಲ್ಲಿ ಸಡಿಲವಾಯಿತು ಎಂದು ನೊಂದ ಇಟಲಿಯ ಕೆಲವು ಸನ್ಯಾಸಿಗಳು ಬೇರೆಯಾಗಿ ಕಟ್ಟಿಕೊಂಡದ್ದು ಈ ಸಭೆ. 1528ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ನಮ್ಮ ಕಾಲದಲ್ಲಿ ಜಗತ್ತಿನ ಮನೆಮಾತಾದ ಪಾದ್ರೆ ಪಿಯೊ ಕೂಡ ಇದೇ ಅಂಗಿಯವರು. ಮಂಗಳೂರಿನ ಹತ್ತಿರ, ನೇತ್ರಾವತಿ ಬದಿಯ ಫರಂಗಿಪೇಟೆಯಲ್ಲಿ ಕಪುಚಿನ್ನರ ಆಶ್ರಮವಿದೆ.

ಇಂಥ ಉಡುಪಿನ ಮನುಷ್ಯ ಗದ್ದೆಯ ಅಂಚಿನ ಮೇಲೆ ಬರುತ್ತಿದ್ದರೆ ದೂರದಿಂದಲೇ ಗುರುತು ಸಿಗುತ್ತದೆ. ರೋಚ್ ಅವರನ್ನು ಬ್ರಹ್ಮಾವರದ ಸುತ್ತಿನವರು ನೆನೆಯುವುದು ಹೀಗೆ ಮನೆಬಾಗಿಲಿಗೆ ಬಂದವರೆಂದೇ. ಅವರು ದೊಡ್ಡ ಗ್ರಂಥ ಬರೆದವರೆಂದಾಗಲಿ, ದೊಡ್ಡ ಪೀಠದಲ್ಲಿ ಕೂತವರೆಂದಾಗಲಿ ಅಲ್ಲ. ಒಬ್ಬ ಗುರುವಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಮನೆಭೇಟಿ ಎಂದರೆ ಸುಮ್ಮನೆ ಹೋಗಿ ಬರುವುದಲ್ಲ. ಕರಾವಳಿಯ ಪ್ರತಿ ಇಗರ್ಜಿಯ ವ್ಯಾಪ್ತಿಯನ್ನು ವಾಡೆಗಳಾಗಿ ಹಂಚಿರುತ್ತಾರೆ. ವಾಡೆಗೊಬ್ಬ ಮುಂದಾಳು, ಅವನೇ ಗುರ್ಕಾರ. ಯಾರ ಮನೆಯಲ್ಲಿ ಮುದುಕರು ಹಾಸಿಗೆ ಹಿಡಿದಿದ್ದಾರೆ, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ, ಯಾರ ಮಗ ಬೊಂಬಾಯಿಯಿಂದ ಕಾಗದ ಹಾಕಿಲ್ಲ ಎಂಬುದೆಲ್ಲ ಅವನಿಗೆ ಗೊತ್ತು. ಗುರ್ಕಾರ ಮುಂದೆ, ಫಾದರ್ ಹಿಂದೆ. ಚಾವಡಿಯಲ್ಲಿ ಶಿಲುಬೆಯ ಆಲ್ತಾರು, ಎರಡು ಮೇಣದಬತ್ತಿ, ಬಟ್ಟಲಲ್ಲಿ ನೀರು. ಪ್ರಾರ್ಥನೆ ಮುಗಿಸಿ ಮಂತ್ರಿಸಿದ ನೀರನ್ನು ಕೋಣೆಕೋಣೆಗೆ ಚಿಮುಕಿಸುತ್ತಾರೆ. ಅಡಿಗೆಮನೆ, ಹಟ್ಟಿ, ಬಾವಿಕಟ್ಟೆ ಯಾವುದನ್ನೂ ಬಿಡುವಂತಿಲ್ಲ. ಬಿಟ್ಟರೆ ಮನೆಯ ಅಜ್ಜಿ ಕೈಹಿಡಿದು ಕರೆದೊಯ್ಯುತ್ತಾಳೆ. ಹಾಸಿಗೆ ಹಿಡಿದವರ ಬಳಿ ಮಾತ್ರ ಎಲ್ಲರೂ ಹೊರಗೆ ಸರಿದು ಬಾಗಿಲು ಮುಂದೆ ಮಾಡುತ್ತಾರೆ. ಒಳಗೆ ಪಾಪನಿವೇದನೆ, ಹಣೆಗೆ ಅಂಗೈಗೆ ಎಣ್ಣೆ, ನಾಲಿಗೆಯ ಮೇಲೆ ಪರಮಪ್ರಸಾದ. ಪಕ್ಕದ ಮನೆಯವರು ಬಂಟರೋ ಬಿಲ್ಲವರೋ ಮೊಗವೀರರೋ ಆಗಿದ್ದರೂ ಅಂಗಳದಿಂದಲೇ ಕರೆಯುತ್ತಾರೆ: “ಬನ್ನಿ ಫಾದ್ರೆ, ಕೂಕಣಿ.” ಬೆಲ್ಲದ ತುಂಡು, ತಂಬಿಗೆ ನೀರು ಮುಂದೆ ಬರುತ್ತದೆ.

ಇಲ್ಲಿನ ಕ್ಯಾಥೋಲಿಕರು ಗುರುಗಳನ್ನು ಇಷ್ಟು ಹಚ್ಚಿಕೊಳ್ಳುವುದಕ್ಕೆ ಹಳೆಯ ಗಾಯವೊಂದು ಕಾರಣವಿರಬೇಕು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ಯಾಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ನಾಡಿನಿಂದ ಹೊರಗಟ್ಟಿದರು. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕಿ ಮರಳಿದವರು ಬೇಸಾಯವನ್ನೂ ಇಗರ್ಜಿಯನ್ನೂ ಬುಡದಿಂದ ಕಟ್ಟಿಕೊಂಡರು. ಹುಟ್ಟಿದ ಮಗುವಿಗೆ ಸ್ನಾನದೀಕ್ಷೆ ಕೊಡಲು, ಸತ್ತವರಿಗೆ ಮಣ್ಣು ಹಾಕಲು ಗುರುವಿಲ್ಲದೆ ಹದಿನೈದು ವರ್ಷ ಕಳೆದ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳು ಇವರು. ಮೊಂತಿ ಹಬ್ಬದ ದಿನ ಗುರುಗಳು ಆಶೀರ್ವದಿಸಿ ಹಂಚಿದ ಹೊಸ ತೆನೆಯನ್ನು ಮನೆಗೆ ಕೊಂಡೊಯ್ದು, ಅಕ್ಕಿಕಾಳು ಸುಲಿದು ಪಾಯಸಕ್ಕೆ ಹಾಕುವಾಗ ಆ ಭಕ್ತಿಯ ತೂಕ ತಿಳಿಯುತ್ತದೆ. ನಮ್ಮಲ್ಲಿ ಹರಿಹರದ ಜಾತ್ರೆ ನಡೆಯುವ ಸೆಪ್ಟೆಂಬರ್ 8 ಅಲ್ಲಿ ಈ ತೆನೆಯ ಹಬ್ಬ.

ರೋಚ್ ಅವರು ಹುಡುಗನಾಗಿದ್ದಾಗ ಪೂಜೆ ಲ್ಯಾಟಿನ್ನಿನಲ್ಲಿತ್ತು, ಗುರು ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು. ಅದರ ಫಲವಾಗಿ ಪೂಜೆ ಜನರ ನುಡಿಗೆ ಬಂತು, ಗುರು ಜನರತ್ತ ಮುಖ ಮಾಡಿದರು. ರೋಚ್ ಅವರಿಗೆ ಆಗ ನಲವತ್ತು ದಾಟಿತ್ತು. ಅವರ ತಲೆಮಾರಿನ ಗುರುಗಳು ನಡುವಯಸ್ಸಿನಲ್ಲಿ ಕಲಿತದ್ದನ್ನೆಲ್ಲ ಬದಿಗಿಟ್ಟು ಮತ್ತೆ ಕಲಿತವರು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಬ್ರಹ್ಮಾವರವೂ ಸೇರಿದ ಉಡುಪಿ 2012ರಲ್ಲಿ ಪ್ರತ್ಯೇಕ ಧರ್ಮಪ್ರಾಂತವಾಯಿತು. ಅದರ ಮೊದಲ ಬಿಷಪ್ ಜೆರಾಲ್ಡ್ ಐಸಾಕ್ ಲೋಬೊ ಅಲ್ಲಿಗೆ ಹೋದದ್ದು ನಮ್ಮ ಕಡೆಯಿಂದಲೇ. ದಾವಣಗೆರೆ, ಚಿತ್ರದುರ್ಗಗಳನ್ನೂ ಒಳಗೊಂಡ ಶಿವಮೊಗ್ಗ ಧರ್ಮಪ್ರಾಂತದ ಬಿಷಪರಾಗಿದ್ದವರು ಅವರು.

ಧರ್ಮಪ್ರಾಂತದಲ್ಲಿ ಆರಂಭವಾಗುವ ಸಂತಪದವಿಯ ವಿಚಾರಣೆ ಬಹುಮಟ್ಟಿಗೆ ನ್ಯಾಯಾಲಯದ ಕ್ರಮದಲ್ಲಿ ನಡೆಯುತ್ತದೆ. ತೀರಿಕೊಂಡು ಕನಿಷ್ಠ ಐದು ವರ್ಷವಾಗಿರಬೇಕು. ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು, ಬರೆದಿಟ್ಟ ಕಾಗದಪತ್ರಗಳನ್ನು ಪರಿಶೀಲಿಸಬೇಕು, ಎಲ್ಲವೂ ರೋಮಿಗೆ ಹೋಗಬೇಕು. ಬಾಳಿನ ಸದ್ಗುಣ ಒಪ್ಪಿಗೆಯಾದರೆ ‘ಪೂಜ್ಯ’. ಅವರ ಬಿನ್ನಹದಿಂದ ಪವಾಡವಾಯಿತೆಂದು ರುಜುವಾತಾದರೆ ‘ಧನ್ಯ’, ಆಮೇಲೆ ಮತ್ತೊಂದಾದರೆ ‘ಸಂತ’. ಸಾಕ್ಷಿ ಹೇಳುವವರು ಕ್ಯಾಥೋಲಿಕರೇ ಆಗಿರಬೇಕೆಂಬ ಕಟ್ಟಳೆ ಇಲ್ಲ. ರೋಚ್ ಅವರನ್ನು ಕಣ್ಣಾರೆ ಕಂಡವರಲ್ಲಿ ಅನೇಕರು ಈಗ ಎಂಬತ್ತರ ಆಸುಪಾಸಿನವರು. ಅಂಗಳಕ್ಕೆ ಕರೆದು ನೀರು ಬೆಲ್ಲ ಕೊಟ್ಟ ನೆರೆಮನೆಯವರ ನೆನಪುಗಳೂ ಆ ಕಡತಕ್ಕೆ ಸೇರಬೇಕು, ಅವರು ಇರುವಾಗಲೇ ಸೇರಬೇಕು.