ನೀರಿನ ಕಳೆ: ಮೊದಲು ಗುರುತಿಸಿ, ಆಮೇಲೆ ಕೀಳಿ

ಮುಂಡರಗಿ ತಾಲೂಕಿನ ಹಮ್ಮಿಗಿ ಬಳಿ ತುಂಗಭದ್ರಾ ನದಿಗೆ ಬ್ಯಾರೇಜ್ ಕಟ್ಟಿ, ಸಿಂಗಟಾಲೂರು ಏತ ನೀರಾವರಿ ಯೋಜನೆಗೆ ನೀರು ನಿಲ್ಲಿಸಲಾಗಿದೆ. ನಿಂತ ನೀರು ರೈತನಿಗೆ ಆಧಾರ. ನೀರಿನ ಕಳೆಗೂ ಅದೇ ಅನುಕೂಲ. ಇಂಥ ಕಳೆಗಳಲ್ಲಿ ಹಲವು ಅಂದಕ್ಕಾಗಿ ಕೊಳದಲ್ಲೋ ಮೀನಿನ ಗಾಜಿನ ತೊಟ್ಟಿಯಲ್ಲೋ ಸಾಕಿದ ಗಿಡಗಳು. ತೊಟ್ಟಿ ತೊಳೆದು ಹಳ್ಳಕ್ಕೆ ಚೆಲ್ಲಿದ ಒಂದು ತುಂಡು ಸಾಕು, ಕೆರೆ ತುಂಬೀತು. ಪಂಪಿನ ಬಾಯಿಗೆ, ಮೀನಿನ ಬಲೆಗೆ ಅದೇ ಅಡ್ಡಿ.

ರೈತ ಬಾಂಧವರು ಮುಖ್ಯವಾಗಿ ಈ ನಾಲ್ಕನ್ನು ಗುರುತಿಸಬೇಕು.

ವಾಟರ್ ಹಯಾಸಿಂತ್: ದಕ್ಷಿಣ ಅಮೆರಿಕ ಮೂಲದ್ದು. ಎಲೆಯ ತೊಟ್ಟು ಸ್ಪಂಜಿನಂತೆ ಉಬ್ಬಿರುತ್ತದೆ. ಹೂ ತಿಳಿ ನೇರಳೆ. ಮೇಲಿನ ದಳದಲ್ಲಿ ಹಳದಿ ಚುಕ್ಕೆ.

ಅಂತರಗಂಗೆ: ಬಿಚ್ಚಿದ ಎಲೆಕೋಸಿನಂತೆ ಕಾಣುತ್ತದೆ. ತೊಟ್ಟಿಲ್ಲ, ಎಲೆ ಮುಟ್ಟಿದರೆ ಮಕಮಲ್ಲಿನಂತೆ. ಹಯಾಸಿಂತನ್ನೂ ಕೆಲವೆಡೆ ಇದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಸಾಲ್ವೀನಿಯ: ಇದು ಜರಿಗಿಡದ ಜಾತಿ, ಹೂ ಬಿಡುವುದಿಲ್ಲ. ಜೋಡಿ ಎಲೆಗಳ ಮೇಲೆ ಸಣ್ಣ ಕೂದಲು. ಬಿದ್ದ ನೀರು ಹನಿಯಾಗಿ ಉರುಳುತ್ತದೆ. ತುಂಡಾದಷ್ಟೂ ಹೆಚ್ಚುತ್ತದೆ.

ಕಬೊಂಬ: ನೀರಿನೊಳಗೆ ಬೆಳೆಯುವ ಗಿಡ. ಎಲೆಗಳು ಎದುರುಬದುರಾಗಿದ್ದು ಬೀಸಣಿಗೆಯಂತೆ ಸೀಳಿರುತ್ತವೆ. 2020ರಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಆವಳ ಪಾಂಡಿಯಲ್ಲಿ ಇದರ ಗುಲಾಬಿ ಹೂ ತೋಡನ್ನೇ ಮುಚ್ಚಿತು. ನೋಡಲು ಜನ ಮುಗಿಬಿದ್ದರು. ನಮ್ಮ ನೀರಿನ ಹೈಡ್ರಿಲ್ಲ ಬೇರೆ: ಅದರ ಚಿಕ್ಕ ಎಲೆಗಳು ಕಾಂಡದ ಸುತ್ತ ಸುತ್ತುಸುತ್ತಾಗಿ ಕೂತಿರುತ್ತವೆ, ಅಂಚು ಗರಗಸದಂತೆ. ಮಿತಿಯಲ್ಲಿದ್ದರೆ ಅದು ಮೀನಿಗೆ ಆಸರೆ. ಕಬೊಂಬ ಎಂದು ತಿಳಿದು ಕೀಳಬಾರದು.

ಗುರುತಿಸುವುದು ಏಕೆ ಮುಖ್ಯ? ಮದ್ದು ಬೇರೆ ಬೇರೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸಾಲ್ವೀನಿಯ ತಿನ್ನುವ ಮೂತಿಹುಳು ಬಿಟ್ಟಾಗ ಕಳೆ ಹತೋಟಿಗೆ ಬಂತು. ಹಯಾಸಿಂತ್‌ಗೆ ಬೇರೆ ಜಾತಿಯ ಮೂತಿಹುಳು ಬೇಕು. ಒಂದರ ಹುಳು ಇನ್ನೊಂದರ ಹತೋಟಿಗೆ ಬಾರದು. ಹೆಸರು ತಪ್ಪಿದರೆ ಶ್ರಮವೆಲ್ಲ ವ್ಯರ್ಥ.

ಹೊಸ ಗಿಡ ಕಂಡೊಡನೆ, ಹೂ ಬಿಡುವ ಮೊದಲೇ ಕೈಯಿಂದ ತೆಗೆಯಬೇಕು. ತುಂಡುಗಳು ನೀರಿಗೆ ಮರಳದಂತೆ ದಡದಿಂದ ದೂರ ಒಣಗಿಸಬೇಕು. ಬಲೆ, ದೋಣಿ, ಪಂಪಿನ ಜಾಲರಿಯನ್ನು ಬೇರೆ ಕೆರೆಗೆ ಒಯ್ಯುವ ಮೊದಲು ತೊಳೆದು ಒಣಗಿಸಬೇಕು. ಕುಡಿಯುವ ನೀರಿಗೆ ಕಳೆನಾಶಕ ಸಿಂಪಡಿಸಬಾರದು. ಗುರುತು ಸಿಗದಿದ್ದರೆ ಗಿಡವನ್ನು ಬೇರುಸಹಿತ ಒದ್ದೆ ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ಅಧಿಕಾರಿಗೆ ತೋರಿಸಿರಿ. ಮನೆಯ ತೊಟ್ಟಿಯ ಗಿಡ ಬೇಡವಾದರೆ ಬಿಸಿಲಿಗೆ ಒಣಗಿಸಿ ತಿಪ್ಪೆಗೆ ಹಾಕಿರಿ. ಹೊಳೆಗೆ ಮಾತ್ರ ಬೇಡ.