ಕಾಫಿಯ ಗುಣಮಟ್ಟ: ತೋಟ, ಅಂಗಳ ಮತ್ತು ತೋಡು

ಮೆಲ್ಕಾರ್ ಪರಿಸರದ ಅಡಿಕೆ ತೋಟಗಳಿಗೆ ಉಪಬೆಳೆಯಾಗಿ ಹೊಂದುವುದು ರೊಬಸ್ಟಾ ಕಾಫಿ. ತಗ್ಗುಪ್ರದೇಶದ ಸೆಕೆಗೆ ಅರೇಬಿಕಾ ಒಗ್ಗದು. ಆದರೆ ಉತ್ತಮ ಬೆಲೆಯನ್ನು ತಳಿಯೊಂದೇ ತಂದುಕೊಡುವುದಿಲ್ಲ. ಕಾಯಿ, ಹಣ್ಣುಗಳನ್ನು ಒಟ್ಟಿಗೆ ಸವರಿ ಕೊಯ್ದರೆ ಒಗರು ಉಳಿಯುತ್ತದೆ. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ರುಚಿ ಗಾಢವಾಗುತ್ತದೆ. ಸಿಪ್ಪೆ ಸುಲಿದು ತೊಳೆದರೆ ತಿಳಿಯಾಗುತ್ತದೆ. ಬರಿನೆಲದಲ್ಲಿ ಒಣಗಿಸಿದ ಕಾಫಿಗೆ ಮಣ್ಣಿನ ವಾಸನೆ ಅಂಟುತ್ತದೆ. ಇಡಿಯಾಗಿ ಒಣಗಿಸಿದ ರೊಬಸ್ಟಾದ ತೇವಾಂಶ ಶೇ. 11ಕ್ಕೆ ಇಳಿಯದಿದ್ದರೆ ಬೂಷ್ಟು ಹಿಡಿಯುವ ಸಂಭವವಿದೆ.

ಕರಾವಳಿಯ ಇದೇ ತೇವವು ಮಂಗಳೂರಿನ ಗೋದಾಮುಗಳಲ್ಲಿ ಗುಣವಾಗಿ ಪರಿಣಮಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿಗೆ ಹರಡಿದ ಬೀಜವು ಉಬ್ಬಿ ಹೊಂಬಣ್ಣ ತಳೆಯುತ್ತದೆ, ಹುಳಿ ತಗ್ಗುತ್ತದೆ. ಭೌಗೋಳಿಕ ಸೂಚಿ ಪಡೆದ ‘ಮಾನ್ಸೂನ್ಡ್ ಮಲಬಾರ್’ ಇದುವೇ. ಮನೆಯ ಅಟ್ಟದಲ್ಲಿ ಅನುಕರಿಸತಕ್ಕ ವಿಧಾನವಂತೂ ಅಲ್ಲ.

ಪಂಚಾಯತಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದುದು ಕಾಫಿ ತೊಳೆದ ನೀರನ್ನು. ಕೊಯ್ಲಿನ ಕಾಲವೂ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಜೋಡಿಸಿ ನೀರು ನಿಲ್ಲಿಸಿರುವ ಕಾಲವೂ ಒಂದೇ ಆಗಿರುತ್ತದೆ. ಆ ಹುಳಿನೀರು ತೋಡಿಗೆ ಸೇರಿದರೆ ಹರಿದುಹೋಗದೆ ಅಲ್ಲಿಯೇ ಕೊಳೆಯುತ್ತದೆ; ಆಮ್ಲಜನಕ ಕುಂದಿ ಮೀನು ಸಾಯುತ್ತದೆ, ಸಮೀಪದ ಬಾವಿಗಳೂ ಕೆಡಬಹುದು. ಆದುದರಿಂದ ಪಲ್ಪಿಂಗ್ ಯಂತ್ರ ಅಳವಡಿಸುವ ಮುನ್ನವೇ ನೀರು ಇಂಗದ ಗುಂಡಿ ಹಾಗೂ ಹುಳಿ ಶಮನಕ್ಕೆ ಸುಣ್ಣದ ವ್ಯವಸ್ಥೆ ಇದೆಯೇ ಎಂಬುದನ್ನು ಸ್ಥಳದಲ್ಲಿಯೇ ಪರಿಶೀಲಿಸುವುದು.